ಕೈ ಇಟ್ಟರೆ ಸುಮ್ಮನಾಗುವ ಡಬ್ಬಿ

"ಎಷ್ಟು ಮಂದಿಗೆ ಕೇಳಿಸಬೇಕ್ರಿ ಅಕ್ಕಾರ?"

ಕೊಪ್ಪಳದ ಸೌಂಡ್ ಸಿಸ್ಟಮ್ ಅಂಗಡಿಯೊಂದರಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಇದು. ನಾನು ಹೋಗಿದ್ದು ಒಂದು ಪ್ರಿಆಂಪ್ ಸಿಗುತ್ತದೆಯೇ ಎಂದು ಕೇಳಲು. ನನ್ನ ಹಿಂದೆ, ನನಗಿಂತ ಎತ್ತರದ ಸ್ಪೀಕರ್ ಬಾಕ್ಸುಗಳು ಸಾಲಾಗಿ ನಿಂತಿದ್ದವು.

ಒಬ್ಬರಿಗೆ ಕೇಳಿಸಿದರೆ ಸಾಕು ಎಂದೆ. ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರದೇನು ತಪ್ಪು? ನಮ್ಮ ಕಡೆ ಸೌಂಡ್ ಎಂದರೆ ಸೌಂಡೇ. ಗಣಪತಿ ಹೊರಟರೆ ಮೂರು ಓಣಿ ಆಚೆಗಿನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಕುಣಿಯಬೇಕು. ಅಂಥ ಊರಿನಲ್ಲಿ ನಿಂತು ಒಬ್ಬರಿಗೆ ಕೇಳಿಸುವ ಮಷಿನ್ ಕೊಡಿ ಎಂದರೆ ಯಾರು ಕೊಟ್ಟಾರು?

ಪ್ರಿಆಂಪ್ ಎಂದರೇನು ಎಂದು ನೀವೂ ಕೇಳುತ್ತೀರಿ, ಗೊತ್ತು. ಮೈಕಿನಿಂದ ಬರುವ ಧ್ವನಿ ಬಹಳ ಸಣ್ಣದಂತೆ. ಅದನ್ನು ಕೆಡಿಸದೆ ಒಂದಿಷ್ಟು ಎತ್ತಿ ಮುಂದಕ್ಕೆ ಕೊಡುವ ಡಬ್ಬಿಯೇ ಪ್ರಿಆಂಪ್. (ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಇದಕ್ಕಿಂತ ಹೆಚ್ಚು ಕೇಳಿದರೆ ಸಂಧಿ ಸಮಾಸಕ್ಕೆ ಇಳಿಯುತ್ತೇನೆ, ಹುಷಾರ್.)

ಇಷ್ಟಕ್ಕೂ ಈ ಉಸಾಬರಿ ನನಗೇಕೆ ಬಂತು? ನಮ್ಮ ಚಿಗವ್ವನಿಂದ.

ಶಾಂತವ್ವ ಚಿಗವ್ವ ನನ್ನ ತಾಯಿಯ ತಂಗಿ. ಕುಷ್ಟಗಿಯಲ್ಲಿ ಮನೆಯಲ್ಲೇ ಕಡಕ್ ರೊಟ್ಟಿ ಮಾಡಿಸಿ ಮಾರುತ್ತಾಳೆ. ಐದಾರು ಹೆಂಗಸರು ಅವಳ ಕೈಕೆಳಗೆ ಕೆಲಸ ಮಾಡುತ್ತಾರೆ. ಅವಳಿಗೆ ಇನ್ನೊಂದು ಹೆಸರಿದೆ, ಪದದ ಶಾಂತವ್ವ. ನಮ್ಮ ಬಳಗದಲ್ಲಿ ಮದುವೆ ಎಂದರೆ ಸುರಗಿ, ಸುರಗಿ ಎಂದರೆ ಚಿಗವ್ವ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರು ಹಾಕುತ್ತಾರಲ್ಲ, ಆಗ ಅವಳು ಪದ ಶುರು ಮಾಡದೆ ಯಾರೂ ತಂಬಿಗೆ ಮುಟ್ಟುತ್ತಿರಲಿಲ್ಲ. ನನ್ನ ಸುರಗಿಗೂ ಅವಳೇ ಹಾಡಿದ್ದು. ನಾನು ಅತ್ತಿದ್ದು ತವರು ಬಿಡುವ ದುಃಖಕ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ಸುಳ್ಳು. ಆ ಪದಕ್ಕೆ ಅತ್ತಿದ್ದು.

ಅಂಥ ಚಿಗವ್ವನ ಕೊರಳಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್. ಹುಬ್ಬಳ್ಳಿಯ ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕುವ ಹಾಗಿಲ್ಲ ಎಂದರು. ಜೀವಕ್ಕೇನೂ ಭಯವಿಲ್ಲ, ಆದರೆ ಧ್ವನಿ ಮೊದಲಿನಂತೆ ಬಂದೀತೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಇತ್ತ ಚಿಗವ್ವನ ಮಗಳು ಸವಿತಾಳ ಮದುವೆ ಗೊತ್ತಾಗಿ, ತಾರೀಖೂ ಹಿಡಿದಾಗಿತ್ತು. ಆಪರೇಷನ್ ಮೊದಲು, ಮದುವೆ ಆಮೇಲೆ.

ಆಸ್ಪತ್ರೆಯಿಂದ ಬರುವಾಗ ದಾರಿಯುದ್ದಕ್ಕೂ ಚಿಗವ್ವ ಆಪರೇಷನ್ ಸುದ್ದಿ ಎತ್ತಲೇ ಇಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು.

"ಊರವ್ರ ಮಕ್ಕಳಿಗೆಲ್ಲಾ ಹಾಡೀನಿ. ನನ್ನ ಮಗಳ ಸುರಗಿಗೆ ಪದಾ ಯಾರ ಹೇಳವ್ರ ಯವ್ವಾ?"

ರೆಕಾರ್ಡ್ ಮಾಡಿಡೋಣ ಬಿಡು ಎಂದುಬಿಟ್ಟೆ. ಬಾಯಿ ನನ್ನದು, ಬುದ್ಧಿ ಯಾರದೋ.

ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಕೊಂಡ ಮೈಕು ಮನೆಯಲ್ಲಿತ್ತು. ಲ್ಯಾಪ್‌ಟಾಪಿಗೆ ಚುಚ್ಚಿ ಪ್ರಯೋಗ ಮಾಡಿದೆ. ನನ್ನ ಧ್ವನಿ ಬಾವಿಯೊಳಗಿಂದ ಕೂಗಿದಂತೆ ಬಂತು. ವಾಲ್ಯೂಮ್ ಏರಿಸಿದರೆ ನನಗಿಂತ ಮೊದಲು ಸುಂಯ್ ಸಪ್ಪಳ ಏರಿತು. ನನ್ನ ಯಜಮಾನರು ಹಿಂದೆ ನಿಂತು ನೋಡಿ, ಮಳೆ ಬರ್ತದೇನು ಎಂದರು. ಯಾರ್ಯಾರನ್ನೋ ಕೇಳಿದ ಮೇಲೆ ಈ ಪ್ರಿಆಂಪ್ ಎಂಬ ಶಬ್ದ ಕಿವಿಗೆ ಬಿತ್ತು.

ಕೊಪ್ಪಳದಲ್ಲಿ ಸಿಗಲಿಲ್ಲ. ಭಾಗ್ಯನಗರದ ಪರಿಚಯದವರೊಬ್ಬರು ಗಂಗಾವತಿಗೆ ಹೋಗಿ ಹುಸೇನಸಾಬರನ್ನು ಕಾಣಿರಿ ಎಂದರು. ಒಂದು ಕಾಲಕ್ಕೆ ಸುತ್ತಲ ಭಜನಾ ಮೇಳದವರೆಲ್ಲ ಇವರ ಕೋಣೆಯಲ್ಲೇ ಕ್ಯಾಸೆಟ್ ಮಾಡಿಸುತ್ತಿದ್ದರಂತೆ. ಹೇಮಗುಡ್ಡದ ದುರ್ಗವ್ವನ ಪದಗಳೂ ಅಲ್ಲೇ, ಮೊಹರಮ್ಮಿನ ಪದಗಳೂ ಅಲ್ಲೇ. ಈಗ ಮಗ ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಗೋಡೆಯ ಮೇಲೆ 'ಕೆಮ್ಮುವವರು ಹೊರಗೆ ಹೋಗಿ ಕೆಮ್ಮಿ ಬರಬೇಕು' ಎಂಬ ಹಳೆಯ ಬೋರ್ಡು ಮಾತ್ರ ಹಾಗೇ ಉಳಿದಿದೆ.

ಹುಸೇನಸಾಬರು ಅಟ್ಟದ ಮೇಲಿಂದ ಒಂದು ಕಬ್ಬಿಣದ ಡಬ್ಬಿ ಇಳಿಸಿದರು. ತಾವೇ ಜೋಡಿಸಿದ್ದಂತೆ. ಹಳೆಯ ರೇಡಿಯೊದ ಗುಂಡಿಗಳು, ಒಂದು ಕೆಂಪು ಲೈಟು. ನೋಡಲು ಥೇಟ್ ನಮ್ಮ ಅಜ್ಜಿಯ ಎಲೆ ಅಡಿಕೆ ಡಬ್ಬಿ. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಮೈಕಿನ ಮುಂದೆ ಏನಾದರೂ ಮಾತಾಡಿ ಎಂದರು. ನಾನು ಬಾಯಿ ತೆರೆದಿರಲಿಲ್ಲ, ನನ್ನ ಉಸಿರೇ ನನಗೆ ಕೇಳಿಸಿತು! ನಿಜ ಹೇಳಬೇಕೆಂದರೆ ಸ್ವಲ್ಪ ಹೆದರಿದೆ.

ಯಾರ ಪದ, ಯಾಕೆ, ಎಲ್ಲ ಕೇಳಿ ತಿಳಿದುಕೊಂಡರು. ಆಮೇಲೆ ಅದರ ಐಬನ್ನೂ ಹೇಳಿದರು. ಮನೆಯ ವೈರಿಂಗ್ ಹಳೆಯದಾಗಿದ್ದರೆ, ಅರ್ಥಿಂಗ್ ಸರಿ ಇಲ್ಲದಿದ್ದರೆ ಗುಂಯ್ ಎನ್ನುತ್ತದೆ.

"ಆವಾಗ ಡಬ್ಬಿ ಮ್ಯಾಲ ಕೈ ಇಡ್ರಿ ಟೀಚರಮ್ಮಾರ. ಸುಮ್ಮನಾಗತೈತಿ. ಹಾಡು ಮುಗಿಯೂತನಾ ತಗೀಬ್ಯಾಡ್ರಿ."

ಎಷ್ಟಕ್ಕೆ ಕೊಟ್ಟರು ಎಂದು ಮಾತ್ರ ಕೇಳಬೇಡಿ. (ನಮ್ಮ ಯಜಮಾನರೂ ಈ ಅಂಕಣ ಓದುತ್ತಾರೆ.) ಮುಗಿದ ಮೇಲೆ ಒಂದು ಸಲ ನನಗೂ ಕೇಳಿಸಿ ಎಂದು ಹೇಳಿ, ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಟ್ಟರು. ಹತ್ತಿರದ ನೆಂಟರೂ ಇಷ್ಟು ಜೋಪಾನವಾಗಿ ನನಗೆ ಏನನ್ನೂ ಕೊಟ್ಟಿಲ್ಲ.

ಆಪರೇಷನ್ನಿನ ಹಿಂದಿನ ಭಾನುವಾರ ಕುಷ್ಟಗಿಗೆ ಹೋದೆ. ಹೋದವಳೇ ಜೋರು ಮಾಡಿದೆ. ಫ್ಯಾನ್ ಬಂದ್. ಫ್ರಿಜ್ ಬಂದ್. ರೊಟ್ಟಿ ಬಡಿಯುವುದೂ ಬಂದ್. ಪದ ಕೇಳಲೆಂದು ಬಂದು ಕೂತಿದ್ದ ಪಕ್ಕದ ಮನೆಯ ಗಂಗವ್ವ ಮತ್ತು ರೊಟ್ಟಿಯ ಹೆಂಗಸರನ್ನೆಲ್ಲ ಅಂಗಳಕ್ಕೆ ಅಟ್ಟಿದೆ. ಬಾಗಿಲು ಹಾಕಿದೆ. ಚಿಗವ್ವನ ಬಳೆಗಳು ಮೈಕಿನಲ್ಲಿ ಗಲ್ ಗಲ್ ಎಂದವು. ತೆಗೆ ಎನ್ನಲು ಬಾಯಿ ತೆರೆದು ನಾಲಿಗೆ ಕಚ್ಚಿಕೊಂಡೆ. ಆಪರೇಷನ್ನಿಗೆ ಹೊರಟ ಮುತ್ತೈದೆಗೆ ಬಳೆ ತೆಗೆ ಎನ್ನುವುದೇ? ಎರಡೂ ಕೈಗೆ ಕರ್ಚೀಫು ಕಟ್ಟಿದೆ.

ಡಬ್ಬಿಯ ಲೈಟು ಹತ್ತಿತು. ಗುಂಯ್ ಎಂದಿತು. ಕೈ ಇಟ್ಟೆ. ಎತ್ತಿಕೊಂಡ ಕೂಸಿನ ಹಾಗೆ ಸುಮ್ಮನಾಯಿತು.

ಚಿಗವ್ವ ಮೊದಲ ಸಾಲು ಹಾಡಿದಳು. ಆಹಾ! ಹೆಡ್‌ಫೋನಿನಲ್ಲಿ ಅವಳು ನನ್ನ ಕಿವಿಯೊಳಗೇ ಕೂತು ಹಾಡಿದಂತಿತ್ತು. ಆದರೆ ಒಂದೇ ಸಾಲು. ಅಲ್ಲಿಗೇ ನಿಂತಳು. ಮುಂದುವರಿಸು ಎಂದು ಸನ್ನೆ ಮಾಡಿದೆ. ಮತ್ತೆ ಮೊದಲಿನಿಂದ ಹಾಡಿದಳು, ಮತ್ತೆ ಅಲ್ಲೇ ನಿಂತಳು. ಎರಡನೆಯ ಸಾಲು ಬರಲೇ ಇಲ್ಲ. ಎಷ್ಟೋ ಮದುವೆಗಳಲ್ಲಿ ಎಡವದೆ ಹಾಡಿದವಳು ಮೈಕಿನ ಮುಂದೆ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಿಂದ ಎತ್ತವ್ರು ಇಲ್ಲದ ಹೆಂಗ ಮುಂದ ಹೋಗ್ಲಿ? ಗ್ವಾಡಿಗೆ ಹಾಡಿದಂಗ ಆಗಾಕತ್ತೈತಿ."

ಹೌದಲ್ಲ! ಸುರಗಿ ಪದವನ್ನು ಯಾರಾದರೂ ಒಬ್ಬರೇ ಹಾಡಿದ್ದುಂಟೇ? ಒಬ್ಬಳು ಸಾಲು ಹೇಳಬೇಕು, ಉಳಿದವರು ಅದನ್ನು ಎತ್ತಿ ತಿರುಗಿ ಹಾಡಬೇಕು. ಅವರು ಎತ್ತುವಷ್ಟರಲ್ಲಿ ಇವಳಿಗೆ ಮುಂದಿನ ಸಾಲು ಬರಬೇಕು. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಕ್ಲೀನ್ ರೆಕಾರ್ಡಿಂಗಿನ ಹುಚ್ಚಿನಲ್ಲಿ ಅರ್ಧ ಹಾಡನ್ನು ಅಂಗಳಕ್ಕೆ ಅಟ್ಟಿ ಬಾಗಿಲು ಹಾಕಿದ್ದೆ.

ಎಲ್ಲರನ್ನೂ ಮತ್ತೆ ಒಳಗೆ ಕರೆದೆ. ಆದರೆ ಗಂಗವ್ವನ ಧ್ವನಿ ಗೊತ್ತಲ್ಲ (ನಿಮಗೆ ಹೇಗೆ ಗೊತ್ತಿರಬೇಕು, ಬಿಡಿ), ಮನೆಯಲ್ಲಿ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುತ್ತದೆ. ಅವಳು ಎತ್ತಿದ ಕೂಡಲೇ ಚಿಗವ್ವ ಮುಳುಗಿಹೋದಳು. ಕೊನೆಗೆ ಒಪ್ಪಂದವಾಯಿತು. ಎಲ್ಲರೂ ಎತ್ತಬೇಕು, ಆದರೆ ಧ್ವನಿ ತೆಗೆಯಬಾರದು. ಬರೀ ತುಟಿ.

ನೋಡಬೇಕಿತ್ತು ನೀವು ಆ ಸಂಭ್ರಮ. ಚಿಗವ್ವ ಒಂದು ಸಾಲು ಹಾಡುವುದು, ಎದುರಿಗೆ ಕೂತ ಹೆಂಗಸರೆಲ್ಲ ಹಿಟ್ಟಿನ ಕೈ ಮಡಿಲಲ್ಲಿಟ್ಟುಕೊಂಡು ಸಪ್ಪಳವಿಲ್ಲದೆ ಬಾಯಿ ಆಡಿಸುವುದು. ಗಂಗವ್ವನ ಕತ್ತಿನ ನರ ಉಬ್ಬಿತ್ತು, ಪಾಪ. ಆದರೆ ಚಿಗವ್ವನ ಕಣ್ಣು ಅವರ ತುಟಿಯ ಮೇಲೆ ನಿಂತಿತು, ಸಾಲುಗಳು ಒಂದರ ಹಿಂದೆ ಒಂದು ಬಂದವು. ಮಗಳ ಕೈಯ ಅರಿಷಿಣ, ತವರಿನ ಹೊಸ್ತಿಲು, ಅಣ್ಣ ಹಿಡಿದ ಕೊಡೆ, ಎಲ್ಲವೂ ಬಂದವು. ನಾನು ಡಬ್ಬಿಯ ಮೇಲೆ ಕೈ ಇಟ್ಟೇ ಕೂತಿದ್ದೆ. ಕಣ್ಣೊರೆಸಿಕೊಳ್ಳಲೂ ಒಂದು ಕೈ ಕಡಿಮೆ.

ಮುಗಿದ ಮೇಲೆ ನಾನು, ನಡುನಡುವೆ ಖಾಲಿ ಉಳಿದಿದೆ, ಕಂಪ್ಯೂಟರಿನಲ್ಲಿ ಅದನ್ನೆಲ್ಲ ಕತ್ತರಿಸಿ ಜೋಡಿಸುತ್ತೇನೆ ಎಂದು ಜಾಣತನ ತೋರಿಸಿದೆ. ಚಿಗವ್ವ ಬೇಡವೆಂದಳು.

"ಅದನ್ನ ಕಡೀಬ್ಯಾಡ. ಆ ಜಾಗಾ ಮಂದೀದು."

ಕತ್ತರಿಸಲಿಲ್ಲ. ಹಾಗೇ ಹುಸೇನಸಾಬರಿಗೆ ಕಳಿಸಿದೆ. ಸಂಜೆ ಫೋನ್ ಬಂತು. ಪದ ಛಲೋ ಬಂದಿದೆ ಎಂದರು. ನಡುವೆ ಖಾಲಿ ಬಂದಾಗ ತಡೆಯಲಾಗದೆ ತಾವೂ ಎತ್ತಿದ್ದಾಗಿ ಹೇಳಿ ನಾಚಿಕೊಂಡರು. ಹೆಂಗಸರ ಪದಕ್ಕೆ, ಮೊಬೈಲ್ ಅಂಗಡಿಯಲ್ಲಿ ಕೂತು!

ಆಪರೇಷನ್ ಚೆನ್ನಾಗಿ ಆಯಿತು. ಆ ಡಾಕ್ಟರಿಗೂ, ರಾತ್ರಿ ಪಾಳಿಯ ನರ್ಸಿಗೂ ನಾನು ಎಷ್ಟು ಸಲ ಕೈ ಮುಗಿದರೂ ಸಾಲದು. ಆದರೆ ಧ್ವನಿ ಬಂದದ್ದು ಚೂರು ಚೂರಾಗಿ, ಒಡಕು ಒಡಕಾಗಿ. ದಿನ ಹೋದಂತೆ ಸುಧಾರಿಸಬಹುದು ಎಂದಿದ್ದಾರೆ. ಮದುವೆ ಅಲ್ಲಿಯವರೆಗೆ ಕಾಯುತ್ತದೆಯೇ?

ಸುರಗಿಯ ಮುಂಜಾನೆ ಸವಿತಾ ನೂಲಿನ ನಡುವೆ ಕೂತಳು. ಹಂದರಕ್ಕೆ ಸ್ಪೀಕರ್ ತಂದವನು ಎಷ್ಟು ಸೌಂಡ್ ಇಡಲಿ ಎಂದು ಕೇಳಿದ. ಹಂದರ ದಾಟದಿರಲಿ ಎಂದೆ. ಚಿಗವ್ವ ಕೊರಳಿಗೆ ಸೆರಗು ಸುತ್ತಿಕೊಂಡು ಮೂಲೆಯ ತಂಬಿಗೆಯ ಹತ್ತಿರ ಕೂತಿದ್ದಳು. ನಾನು ಪದ ಹಚ್ಚಿದೆ.

ಮೊದಲ ಸಾಲು ಬಂತು, ಹಳೆಯ ಕೊರಳಿನಲ್ಲಿ, ತುಂಬಿಕೊಂಡು. ಆಮೇಲೆ ಆ ಖಾಲಿ ಜಾಗ.

ಯಾರೂ ಎತ್ತಲಿಲ್ಲ. ಎಲ್ಲರೂ ಸ್ಪೀಕರನ್ನೂ ನೋಡುತ್ತಾರೆ, ಬಾಯಿ ಮುಚ್ಚಿ ಕೂತ ಚಿಗವ್ವನನ್ನೂ ನೋಡುತ್ತಾರೆ. ಮಷಿನ್ನಿಗೆ ಎತ್ತುವುದು ಹೇಗೆ? ಎರಡನೆಯ ಸಾಲೂ ಬಂತು, ಅದೂ ಬಿದ್ದುಹೋಯಿತು. ಕೆಟ್ಟೆ, ಎಲ್ಲರ ಮುಂದೆ ಅವಳನ್ನು ಮೂಕಿ ಮಾಡಿ ಕೂರಿಸಿದೆನಲ್ಲ ಎಂದುಕೊಂಡೆ.

ಮೂರನೆಯ ಸಾಲಿನ ಹಿಂದೆಯೇ ಮೂಲೆಯಿಂದ ಒಂದು ಒಡಕು ಧ್ವನಿ ಎದ್ದಿತು. ಚಿಗವ್ವ. ತಂಬಿಗೆ ಹಿಡಿದು, ತನ್ನ ಸಾಲನ್ನು ತಾನೇ ಎತ್ತಿದಳು. ಮರುಕ್ಷಣ ಗಂಗವ್ವ ಎತ್ತಿದಳು, ಬಸ್ಸು ನಿಲ್ಲುವಂತೆ. ಆಮೇಲೆ ಇಡೀ ಹಂದರವೇ ಎತ್ತಿತು. ನೀರು ಬಿತ್ತು, ಸವಿತಾ ಅತ್ತಳು, ನಾನಂತೂ ಎರಡೂ ಕೈಯಿಂದ ಕಣ್ಣೊರೆಸಿಕೊಂಡೆ.

ಎಲ್ಲ ಮುಗಿದ ಮೇಲೆ ಚಿಗವ್ವ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಇಷ್ಟ ವರ್ಷ ಬರೇ ಹೇಳೀನಿ ನೋಡವ್ವಾ. ಎತ್ತೂದೂ ಛಲೋ ಇರತೈತಿ."

ಕೊಪ್ಪಳದ ಅಂಗಡಿಯವರು ಮತ್ತೆ ಸಿಕ್ಕರೆ ಹೇಳಬೇಕು: ಒಬ್ಬರಿಗೆ ಕೇಳಿಸಿದರೆ ಸಾಕು ಎಂದಿದ್ದೆನಲ್ಲ, ಆ ಒಬ್ಬಳು ಹಾಡಿದವಳೇ ಆಗಿದ್ದಳು.