ಉಸಿರಿನ ದಾರಿ ನೋಡುವಾಕೆ

ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಭಾರಿ ಮೈಯ ಲಾರಿ ಚಾಲಕರೊಬ್ಬರ ಮಂಚದ ಪಕ್ಕ ಸ್ಟೂಲೆಳೆದು ಕೂತ ಹೆಂಗಸು, ದರ್ಜಿಯ ಟೇಪನ್ನು ಅವರ ಕುತ್ತಿಗೆಗೆ ಸುತ್ತುತ್ತಾಳೆ. ಇಂದು ಅವರಿಗೆ ಪಿತ್ತಕೋಶದ ಆಪರೇಷನ್.

"ಕುತ್ತಿಗೆ ಎಲ್ಲಿದೆ ಅಂತ ನೀವೇ ಹುಡುಕ್ಕೋಬೇಕಮ್ಮ."

"ಸಿಕ್ತು ಬಿಡಿ ಅಣ್ಣ. ಎಲ್ಲಿ, ಬಾಯಿ ದೊಡ್ಡದಾಗಿ ತೆಗೀರಿ. ನಿದ್ದೇಲಿ ಗೊರಕೆ ಹೊಡೀತೀರಾ?"

"ಛೇ, ಇಲ್ಲಪ್ಪ."

ಪಕ್ಕದಲ್ಲಿದ್ದ ಹೆಂಡತಿಗೆ ತಡೆಯಲಾಗುವುದಿಲ್ಲ. "ಯಾಕ್ರೀ ಸುಳ್ಳು? ಪಕ್ಕದ ಮನೆಯವರಿಗೂ ನಿದ್ದೆ ಇಲ್ಲ. ಮಧ್ಯೆ ಮಧ್ಯೆ ಇವರಿಗೆ ಉಸಿರೇ ನಿಂತ್ಹೋಗುತ್ತೆ ಕಣಮ್ಮ, ನಾನು ತಟ್ಟಿ ಎಬ್ಬಿಸ್ತೀನಿ."

ವೈದ್ಯೆಗೆ ತಿಳಿಸಲೆಂದು ಆಕೆ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ.

ಈಕೆ ಅರಿವಳಿಕೆ ವಿಭಾಗದ ತಂತ್ರಜ್ಞೆ. ಎಲ್ಲರ ಬಾಯಲ್ಲಿ 'ಟೇಪಮ್ಮ'. ದಪ್ಪ ಮೈಯವರಿಗೆ ಅರಿವು ತಪ್ಪಿಸಿದಾಗ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು; ಕುತ್ತಿಗೆ ದಪ್ಪವಿದ್ದು ಗೊರಕೆಯೂ ಇದ್ದರೆ ಇನ್ನೂ ಹೆಚ್ಚು. ಉಸಿರಾಟಕ್ಕೆಂದು ಗಂಟಲಿಗೆ ಕೊಳವೆ ಇಳಿಸಲು ಸಿಗುವ ಸಮಯವೂ ಅವರಲ್ಲಿ ಕಡಿಮೆ, ರಕ್ತದ ಆಮ್ಲಜನಕ ಬೇಗ ಇಳಿಯುತ್ತದೆ. ಯಾರ ಗಂಟಲು ಕಷ್ಟ ಕೊಟ್ಟೀತೆಂದು ಅಂದಾಜು ಮಾಡುವವರು ಅರಿವಳಿಕೆ ವೈದ್ಯೆ. ಅವರ ಜೊತೆ ನಿಂತು ನೋಡುವುದು, ಕೇಳುವುದು, ಸಲಕರಣೆ ಅಣಿ ಮಾಡುವುದು ಟೇಪಮ್ಮನ ಪಾಲು.

ಒಂದು ಕಾಲಕ್ಕೆ ಈಕೆ ಅಕ್ಕನ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಅಕ್ಕನದು ತುಂಬು ಮೈ, ಅದಕ್ಕಿಂತ ದೊಡ್ಡ ನಗು. ಹರ್ನಿಯಾ ಆಪರೇಷನ್ನಿಗೆಂದು ಸಣ್ಣ ಆಸ್ಪತ್ರೆಯೊಂದಕ್ಕೆ ಸೇರಿದಳು.

"ಸ್ಟ್ರೆಚರ್ ತಳ್ಳೋರು ತಮಾಷೆ ಮಾಡಿದ್ರು, ಇದಕ್ಕೆ ಕ್ರೇನೇ ಬೇಕು ಅಂತ. ಅಕ್ಕನೂ ನಕ್ಕಳು. ಅವಳ ಬಾಯಿ ತೆಗೆಸಿ ಯಾರೂ ನೋಡ್ಲಿಲ್ಲ, ಏನೂ ಕೇಳ್ಲಿಲ್ಲ. ನಗ್ತಾನೇ ಒಳಗೆ ಹೋದ್ಲು." ಕೊಳವೆ ಇಳಿಯಲಿಲ್ಲ. ಅಕ್ಕ ಹೊರಗೆ ಬರಲಿಲ್ಲ. ಟೇಪಮ್ಮ ಅಂಗಡಿ ಮುಚ್ಚಿ, ತನ್ನರ್ಧ ವಯಸ್ಸಿನ ಹುಡುಗಿಯರ ನಡುವೆ ಕೂತು ಈ ಕೆಲಸ ಕಲಿತಳು.

ಥಿಯೇಟರಿನಲ್ಲಿ ಚಾಲಕರ ಬೆನ್ನು, ತಲೆಯ ಕೆಳಗೆ ದಿಂಬುಗಳನ್ನು ಇಳಿಜಾರಾಗಿ ಒಟ್ಟಿ, ಕಿವಿ ಎದೆಯ ಮಟ್ಟಕ್ಕೆ ಬರುವಂತೆ ಮಲಗಿಸುತ್ತಾರೆ. ಮುಖಕ್ಕೆ ಆಮ್ಲಜನಕದ ಮಾಸ್ಕು. ಅವರಿಗೆ ಅರಿವು ತಪ್ಪಿದ ಮೇಲೆ ವೈದ್ಯೆ ಕೊಳವೆ ಇಳಿಸುವ ಮೊದಲ ಪ್ರಯತ್ನದಲ್ಲಿ ಸೋಲುತ್ತಾರೆ. ಮತ್ತೆ ಮಾಸ್ಕಿಟ್ಟು ಉಸಿರು ಕೊಡುತ್ತಾರೆ. ವೈದ್ಯೆ ಕೈ ಚಾಚುವಷ್ಟರಲ್ಲಿ ಟೇಪಮ್ಮ ಬೇರೊಂದು ಉಪಕರಣ ಕೊಡುತ್ತಾಳೆ, ಉದ್ದನೆಯ ಬಾಗಿದ ಅಲಗಿನ ತುದಿಯಲ್ಲಿ ಕ್ಯಾಮೆರಾ ಇರುವಂಥದ್ದು. ಈ ಸಲ ಕೊಳವೆ ಇಳಿಯುತ್ತದೆ.

ಮಧ್ಯಾಹ್ನ ಚಾಲಕರು ಕಣ್ಣು ಬಿಟ್ಟು ನೀರು ಕೇಳುತ್ತಾರೆ. ಟೇಪಮ್ಮ ಅವರ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳುತ್ತಾಳೆ: "ಮುಂದೆ ಎಲ್ಲೇ ಆಪರೇಷನ್ ಆದ್ರೂ ಇವರ ಗಂಟಲು ಕಷ್ಟ ಅಂತ ಮೊದಲೇ ಹೇಳಿ. ನಾಚ್ಕೋಬೇಡಿ."

ಟೇಪಮ್ಮನ ಮನೆಯಲ್ಲಿ ವಯಸ್ಸಾದ ತಾಯಿಯದು ಇವತ್ತಿಗೂ ಒಂದೇ ಪ್ರಶ್ನೆ: ಅವತ್ತು ಯಾರಾದರೂ ಗಂಟಲು ನೋಡಿದ್ದರೆ ದೊಡ್ಡವಳು ಉಳಿಯುತ್ತಿದ್ದಳಾ?

"ಗೊತ್ತಿಲ್ಲಮ್ಮ ಅಂತೀನಿ. ಎಲ್ಲ ನೋಡಿದ್ರೂ ಕೆಲವು ಸಲ ಕೈ ಮೀರುತ್ತೆ. ಅಮ್ಮ ಆಮೇಲೆ ಗೋಡೆ ಕಡೆ ತಿರುಗಿ ಮಲಗ್ತಾಳೆ." ಟೇಪಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. "ಇವತ್ತು ಒಬ್ಬರು ಎದ್ದು ನೀರು ಕೇಳಿದ್ರು ಅಂತ ಹೇಳ್ತೀನಿ. ಅಷ್ಟೇ ಹೇಳೋಕಾಗೋದು."