ಮಗ್ದಲಿನ್ ಬಾಯಿಯ ಕಚ್ಚೆ ಸೀರೆ

ಸೈಕಲಿನ ಚೈನಿಗೆ ಸೀರೆ ಸಿಕ್ಕಿ ಹೆರಿಗೆ ಮಾಡಿಸುವ ಮಗ್ದಲಿನ್ ಬಾಯಿ ಬಿದ್ದುಬಿಟ್ಟರೆ ನನ್ನ ಮಗುವಿನ ಗತಿಯೇನು? ಏಳು ತಿಂಗಳು ತುಂಬಿದ ಮೇಲೆ ಈ ಒಂದು ಚಿಂತೆ ನನ್ನನ್ನು ಹಿಡಿದದ್ದು ಬಿಡಲೇ ಇಲ್ಲ. ಅನ್ನ ಬಸಿಯುವಾಗಲೂ ಅದೇ, ಮೊದಲ ಮಗಳು ವಸುಮತಿಯ ತಲೆ ಬಾಚುವಾಗಲೂ ಅದೇ: ಚೆರ್ಕಳದ ಇಳಿಜಾರು, ಬಿಳಿ ಸೀರೆ, ಗಿರಗಿರ ತಿರುಗುವ ಚಕ್ರ.

ನಾನು ಮಂಗಳೂರಿನಲ್ಲಿ ಓದಿ ಬೆಳೆದವಳು. ವಸುಮತಿ ಹುಟ್ಟಿದ್ದೂ ಅಲ್ಲಿಯ ಆಸ್ಪತ್ರೆಯಲ್ಲಿ. ಈ ಸಲವೂ ಬಂದುಬಿಡು, ನಿನ್ನ ಅಣ್ಣ ಕೃಷ್ಣಕುಮಾರನನ್ನು ಕಳಿಸುತ್ತೇನೆ, ರೈಲಿನಲ್ಲಿ ಕರೆದುಕೊಂಡು ಬರುತ್ತಾನೆ ಎಂದು ಅಮ್ಮನ ಹಟ. ಮಂಜೇಶ್ವರ ದಾಟುವ ಮೊದಲೇ ರೈಲಿನಲ್ಲಿ ನೋವು ಬಂದರೆ ಎಂದು ನನಗೆ ಹೆದರಿಕೆ. ಇಲ್ಲೇ ಉಳಿದರೆ? ನಮ್ಮ ಮನೆ ಬೋವಿಕಾನದ ಪೇಟೆಯಿಂದ ತುಂಬಾ ಒಳಗೆ, ಗೇರುಗುಡ್ಡೆಯ ಬುಡದಲ್ಲಿ. ಡಾಕ್ಟರು ಬೇಕೆಂದರೆ ಕಾಸರಗೋಡಿಗೇ ಹೋಗಬೇಕು. ಹತ್ತಿರದಲ್ಲಿ ಇದ್ದದ್ದೆಂದರೆ ಬೋವಿಕಾನದ ಹೆರಿಗೆ ಕೇಂದ್ರ ಮತ್ತು ಅದನ್ನು ನಡೆಸುತ್ತಿದ್ದ ಮಗ್ದಲಿನ್ ಬಾಯಿ.

ಬಾಯಿ ಎಂದರೆ ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಮಾತು. ಬಾಯಿಗೆ ಆಗ ಮೂವತ್ತೈದರ ಆಸುಪಾಸು. ಮದುವೆಯಾಗಿರಲಿಲ್ಲ. ಮಂಗಳೂರಿನಲ್ಲಿ ಹೆರಿಗೆಯ ಕೆಲಸ ಕಲಿತು ಬಂದು, ನಾಯ್ಮಾರ್ಮೂಲೆಯಲ್ಲಿ ತಮ್ಮ ಕ್ಲೆಟಸನ ಜೊತೆ ಇದ್ದರು. ಅಲ್ಲಿಂದ ಬೋವಿಕಾನಕ್ಕೆ ದಿನಾ ಬಸ್ಸು. ಆದರೆ ಬಸ್ಸು ಪೇಟೆಗೆ ಬರುತ್ತದೆಯೇ ಹೊರತು ಹೆರುವವಳ ಮನೆಯಂಗಳಕ್ಕೆ ಬರುವುದಿಲ್ಲವಲ್ಲ. ಗುಡ್ಡೆಯಾಚೆಯ ಮನೆಗಳಿಗೆ ನಡೆದು ತಲುಪುವಷ್ಟರಲ್ಲಿ ಎಷ್ಟೋ ಸಲ ಕೂಸು ಹುಟ್ಟಿ, ಅತ್ತು, ಮಲಗಿಯೂ ಆಗಿರುತ್ತಿತ್ತು. ಕೆಲವು ಸಲ ಅಳುವ ಕೂಸೇ ಇರುತ್ತಿರಲಿಲ್ಲ. ಅದಕ್ಕೇ ಬಾಯಿ ಮೇಲಿನವರಿಗೆ ಬರೆದು ಬರೆದು ಒಂದು ಸೈಕಲು ತರಿಸಿಕೊಂಡಿದ್ದರು. ಮಳೆಗಾಲ ಸುರುವಾಗುವುದರೊಳಗೆ ಅದನ್ನು ಉಪಯೋಗಿಸಿ ತೋರಿಸದಿದ್ದರೆ ಬೇರೆ ಊರಿನ ಕಂಪೌಂಡರಿಗೆ ಕೊಟ್ಟುಬಿಡುವುದು ಎಂದು ಮೇಲಿನಿಂದ ಮಾತು ಬಂದಿತ್ತು.

ಬಂದದ್ದು ಗಂಡಸರ ಸೈಕಲು, ನಡುವೆ ಅಡ್ಡ ಸರಳಿನದು. ಕ್ಲೆಟಸ್ ಬೆಳಗಿನ ಪೂಜೆಗೆ ಇಗರ್ಜಿಗೆ ಹೋಗುವ ಮೊದಲು ಅಕ್ಕನಿಗೆ ಬಿಡಲು ಕಲಿಸಿದ. ಬ್ಯಾಲೆನ್ಸ್ ಬೇಗ ಬಂತು. ಒಗ್ಗದೇ ಹೋದದ್ದು ಉಡುಪು. ಆರು ಗಜದ ಬಿಳಿ ಸೀರೆಯುಟ್ಟು ಅಡ್ಡ ಸರಳು ದಾಟಬೇಕಾದರೆ ಸೀರೆಯನ್ನು ಮಂಡಿಯವರೆಗೆ ಎತ್ತಬೇಕು. ಇಲ್ಲವಾದರೆ ನೆರಿಗೆ ಚೈನಿನೊಳಗೆ. ಒಂದು ದಿನ ಮನೆಯಿಂದ ಸೈಕಲಿನಲ್ಲಿ ಬರುವಾಗ ಚೆರ್ಕಳದ ಇಳಿಜಾರಿನಲ್ಲಿ ಚೈನು ನೆರಿಗೆಯನ್ನು ಕಚ್ಚಿ ಎಳೆಯಿತು. ಬಾಯಿ ಚರಂಡಿಗೆ ಉರುಳಿದರು. ಮೊಣಕೈ ತರಚಿ, ಎಣ್ಣೆಮಸಿ ಮೆತ್ತಿದ ಹರಕು ಸೀರೆಯಲ್ಲಿ ಸೈಕಲು ತಳ್ಳಿಕೊಂಡು ಪೇಟೆಗೆ ಬಂದದ್ದನ್ನು ಬೋವಿಕಾನ ಇಡೀ ನೋಡಿತು. ನನಗೆ ಆ ಸುದ್ದಿ ತಲುಪಿದ ದಿನವೇ ಚಿಂತೆ ಹತ್ತಿದ್ದು.

ಮರುವಾರ ಅವರು, ಹಿಂದೆ ಮಿಲಿಟರಿಯಲ್ಲಿದ್ದ ಕ್ಲೆಟಸನ ಪಟ್ಟಾಳದ ಕಾಕಿ ಪ್ಯಾಂಟು ತೊಟ್ಟು ಮೇಲೊಂದು ಕಾಕಿ ಅಂಗಿ ಹಾಕಿಕೊಂಡು ಹೊರಟರು. ಸೈಕಲೇನೋ ಚೆನ್ನಾಗಿ ಓಡಿತು. ಆದರೆ ಅದು ಪಾನನಿರೋಧದ ಕಾಲ. ಗುಡ್ಡೆಯ ದಾರಿಯಲ್ಲಿ ಕಾಕಿ ತೊಟ್ಟು ಸೈಕಲಿನಲ್ಲಿ ಬರುವವರು ಅಂದರೆ ಒಬ್ಬರೇ, ಗಂಗಸರ, ಅಂದರೆ ಕಳ್ಳಭಟ್ಟಿ, ಹಿಡಿಯುವ ಪೊಲೀಸರು. ವಾಸಪ್ಪ ಎಂಬವನ ಹೆಂಡತಿಗೆ ನೋವು ಬಂದು ಅವನೇ ಬಾಯಿಗೆ ಹೇಳಿಕಳಿಸಿದ್ದ. ದೂರದಿಂದ ಕಾಕಿ ಕಂಡದ್ದೇ ತಡ, ಭಟ್ಟಿ ಇಳಿಸಿದ್ದ ಮಡಕೆಯನ್ನು ಅವನೇ ಗೊಬ್ಬರದ ಗುಂಡಿಗೆ ಸುರಿದ, ಬಾಗಿಲು ಹಾಕಿಕೊಂಡ. ಬಾಯಿ ಬಡಿದರು, ಕೂಗಿದರು. ಹೆಂಗಸಿನ ದನಿಯಲ್ಲಿ ಕರೆದು ಮೋಸ ಮಾಡುತ್ತಿದ್ದಾರೆಂದು ಅವನು ಮತ್ತೂ ಬಿಗಿಯಾದ. ಕೊನೆಗೆ ಬಾಗಿಲು ತೆರೆಯುವಾಗ ಮನೆಯ ಮುದುಕಿಯ ಕೈಯಲ್ಲಿ ಕೂಸು ಇತ್ತು, ಪುಣ್ಯಕ್ಕೆ ಗಟ್ಟಿಯಾಗಿಯೇ ಇತ್ತು.

ಆ ದಿನ ಹಿಂದೆ ಹೋಗುವಾಗ ಬಾಯಿ ನನ್ನನ್ನು ನೋಡಲು ನಮ್ಮ ಮನೆಗೆ ಬಂದರು. ಜಗಲಿಯ ಅಂಚಿನಲ್ಲಿ ಕೂತು ಇದನ್ನೆಲ್ಲ ಹೇಳುತ್ತ ಮೊದಲು ನಕ್ಕರು. ಆಮೇಲೆ ಸೈಕಲಿನ ಕಡೆ ನೋಡಿದರು.

“ಸೈಕಲು ವಾಪಸು ಕೊಡುವುದೇ ಒಳ್ಳೆಯದು ಅಂತ ಕಾಣ್ತದೆ,” ಎಂದರು. “ಸೀರೆ ಉಟ್ರೆ ಬೀಳ್ತೇನೆ. ಪ್ಯಾಂಟು ಹಾಕಿದ್ರೆ ಬಾಗಿಲು ತೆಗೆಯುವುದಿಲ್ಲ. ಇನ್ನು ಎಂತ ಉಡುವುದು ನಾನು?”

ಸೈಕಲು ಹೋದರೆ ನಮ್ಮ ಮನೆಗೆ ಬಾಯಿ ತಲುಪುವುದು ಉಂಟಾ? ಮನಸ್ಸಿನಲ್ಲೇ ರೈಲಿಗೆ ಪೆಟ್ಟಿಗೆ ಕಟ್ಟತೊಡಗಿದೆ.

ಹಪ್ಪಳ ಒಣಗಿಸುತ್ತಿದ್ದ ನಮ್ಮ ಅತ್ತೆ ಅಮ್ಮಣ್ಣಿಯಮ್ಮ ಅಂಗಳದಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ನಮ್ಮ ಕರಾಡ ಬ್ರಾಹ್ಮಣರ ಹಿರಿಯ ಹೆಂಗಸರು ಉಡುವುದು ಒಂಬತ್ತು ಗಜದ ಕಚ್ಚೆ ಸೀರೆ. ನಾನು ಶಾಲೆ ಕಲಿತವಳೆಂದು ಆರು ಗಜಕ್ಕೆ ಇಳಿದದ್ದು ಅವರಿಗೆ ಸರಿಬಂದಿರಲಿಲ್ಲ.

“ಕಚ್ಚೆ ಇರುವುದು ಎಂತಕ್ಕೆ ಮಾರಾಯ್ತಿ?” ಎಂದರು ಅತ್ತೆ. “ನಾನು ಇದನ್ನುಟ್ಟೇ ಗುಡ್ಡೆ ಹತ್ತಿ ಗೇರುಬೀಜ ಹೆಕ್ಕುವುದು. ನಿನ್ನ ಸೈಕಲು ಗುಡ್ಡೆಗಿಂತ ದೊಡ್ಡದಾ?”

ಒಳಗಿನಿಂದ ಒಂದು ಹಳೆಯ ಬೂದು ಬಣ್ಣದ ಸೀರೆ ತಂದು ಜಗಲಿಯ ಮೇಲಿಟ್ಟರು. ಅತ್ತೆ ಮಡಿಯಲ್ಲಿದ್ದರು, ಮುಟ್ಟುವ ಹಾಗಿಲ್ಲ. ಮಾರು ದೂರ ನಿಂತು ಹೇಳಿಕೊಟ್ಟರು: ಅಲ್ಲಿ ಗಂಟು, ಇಲ್ಲಿ ನೆರಿಗೆ, ಕಾಲಿನ ನಡುವಿನಿಂದ ಹಿಂದಕ್ಕೆ ತೆಗೆದು ಸಿಕ್ಕಿಸು. ಬಾಯಿ ಸಿಕ್ಕಿಸಿದ್ದು ಎರಡು ಹೆಜ್ಜೆಗೇ ಕಳಚಿತು. ಮತ್ತೆ ಹೇಳಿದರು, ಮತ್ತೆ ಕಳಚಿತು. ನಾನು ಹೊಟ್ಟೆ ಹೊತ್ತುಕೊಂಡು ಎದ್ದರೆ, ನಿನಗೆ ಮೊದಲೇ ಬರುವುದಿಲ್ಲ, ಕೂತುಕೋ ಎಂದು ಬೈಗುಳ. ಕೊನೆಗೆ ಅತ್ತೆಗೆ ತಡೆಯಲಾಗಲಿಲ್ಲ. ಸೀದಾ ಬಂದು ಬಾಯಿಯ ಸೊಂಟ ಹಿಡಿದು ತಿರುಗಿಸಿ, ಕಚ್ಚೆಯನ್ನು ಬಿಗಿದು ಸಿಕ್ಕಿಸಿ, “ಮತ್ತೊಮ್ಮೆ ಮಿಂದರಾಯ್ತು,” ಎಂದರು.

ಬಾಯಿ ಸೈಕಲು ಹತ್ತಿದರು. ನಮ್ಮ ಅಂಗಳಕ್ಕೆ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ನೆರಿಗೆ ಎಲ್ಲೂ ಜೋಲಲಿಲ್ಲ. ವಸುಮತಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ, ಆಮೇಲೆ ನಾಚಿಕೆಯಾಯಿತು.

ಮರುದಿನ ಬೋವಿಕಾನದ ಪೇಟೆಯಲ್ಲಿ ಬಾಯಿ ಹೀಗೆ ಬಂದಾಗ ಚಾದಂಗಡಿಯ ಬೆಂಚಿನಿಂದ ಯಾರೋ, ಬಾಯಿ ಯಾವಾಗ ಜಾತಿ ಬಿಟ್ಟದ್ದು ಎಂದು ಕೇಳಿದರಂತೆ. ಬಾಯಿ ಬ್ರೇಕು ಹಾಕಲಿಲ್ಲ. “ನಿನ್ನ ಹೆಂಡತಿಗೆ ನೋವು ಸುರುವಾಗಲಿ, ಆಗ ಬಂದು ಹೇಳ್ತೇನೆ,” ಎಂದು ಹೋಗಿಯೇ ಬಿಟ್ಟರು. ಬೆಂಚಿನವರೆಲ್ಲ ಕೇಳಿದವನನ್ನೇ ನೋಡಿ ನಕ್ಕರು. ಇಗರ್ಜಿಯಲ್ಲೂ ಗುಸುಗುಸು ಇತ್ತಂತೆ. ಭಾನುವಾರ ಪೂಜೆಗೆ ತಮ್ಮ ಸೀರೆಯನ್ನೇ ಉಟ್ಟು ಹೋದರು. ಸೋಮವಾರ ಪುನಃ ಕಚ್ಚೆ.

ನಿಜವಾದ ಕಷ್ಟ ಬಂದದ್ದು ಐತನ ಮನೆಯಲ್ಲಿ. ಐತ ನಮ್ಮ ಗೇರುಗುಡ್ಡೆಯಲ್ಲಿ ಕೆಲಸ ಮಾಡುವವನು, ಮೊಗೇರರವನು. ನಮ್ಮವರು ಆಗ ಅವರನ್ನು ಮುಟ್ಟುತ್ತಿರಲಿಲ್ಲ, ಅವರ ಮನೆಯ ನೀರು ಕುಡಿಯುತ್ತಿರಲಿಲ್ಲ. ಅವನ ಹೆಂಡತಿ ಕೊರಪೊಳುವಿಗೆ ನೋವು ಬಂದಿತ್ತು, ಕೂಸು ಕಾಲು ಮುಂದಾಗಿ ಬರುತ್ತಿತ್ತು. ಐತ ಓಡಿಹೋಗಿ ಬಾಯಿಗೆ ಹೇಳಿದ. ಬಾಯಿ ಅವನನ್ನು ಹಿಂದೆ ಬಿಟ್ಟು ಸೈಕಲಿನಲ್ಲಿ ಮೊದಲು ತಲುಪಿದರು. ಆದರೆ ಕಚ್ಚೆ ಸೀರೆಯ ಹೆಂಗಸು ಬರುವುದನ್ನು ಕಂಡ ಐತನ ತಾಯಿ, ಅವನ ತುಳುವಿನಲ್ಲಿ ಅಪ್ಪೆ, ದಾರಿ ಬಿಟ್ಟು ಪೊದೆಯ ಬದಿಗೆ ಇಳಿದು ನಿಂತಳು. ಯಾವುದೋ ಬ್ರಾಹ್ಮಣರ ಮನೆಯ ಅಮ್ಮ ದಾರಿ ತಪ್ಪಿ ಬಂದಿದ್ದಾರೆ, ಗುಡಿಸಲು ಹೊಕ್ಕರೆ ತಮಗೇ ಪಾಪ ಎಂದು ಅವಳ ಹೆದರಿಕೆ. ಬಾಗಿಲಲ್ಲಿದ್ದ ಹೆಂಗಸರು ಅಡ್ಡ ನಿಂತು ಕೈಮುಗಿದರು. ಒಳಗಿನಿಂದ ಕೊರಪೊಳು ನರಳುವುದು ಕೇಳುತ್ತಿತ್ತು.

ಕಾಕಿಯಾದರೆ ಪೊಲೀಸು, ಕಚ್ಚೆಯಾದರೆ ಅಮ್ಮ. ಆ ಹೊತ್ತಿಗೆ ಬಾಯಿ ಮಾಡಿದ್ದನ್ನು ಐತನೇ ಮರುದಿನ ನಮ್ಮ ಅಂಗಳದ ಹೊರಗೆ ನಿಂತು ಅತ್ತೆಗೆ ಹೇಳಿದ. ಬಾಯಿ ಸೈಕಲು ನಿಲ್ಲಿಸಿ, ಅವನ ತಾಯಿಯ ಹತ್ತಿರ ಹೋಗಿ, ತುಂಬಾ ಬಾಯಾರಿಕೆ, ಕುಡಿಯಲಿಕ್ಕೆ ನೀರು ಕೊಡು ಎಂದರಂತೆ. ಮುದುಕಿ ನಂಬಲಿಲ್ಲ. ಬಾಯಿ ತಾವೇ ಮಡಕೆಗೆ ಕರಟ ಅದ್ದಿ, ಎಲ್ಲರ ಎದುರು ಗಟಗಟ ಕುಡಿದರಂತೆ. ನಾನು ಬೋವಿಕಾನದ ಬಾಯಿ, ಸೀರೆ ಮಾತ್ರ ಅಮ್ಮನದ್ದು ಎಂದರಂತೆ. ಹೆಂಗಸರು ಸರಿದು ದಾರಿ ಕೊಟ್ಟರು.

“ಮಗು?” ಎಂದೆ ನಾನು. ನನಗೆ ಅದೊಂದೇ ಬೇಕಿತ್ತು.

“ಗಂಡು, ಅಮ್ಮ. ಇಬ್ಬರೂ ಸುಖ ಇದ್ದಾರೆ. ಬಾಯಿ ಕಾಲು ಗಳಿಗೆ ತಡ ಮಾಡಿದ್ರೂ ಇರ್ತಿರಲಿಲ್ಲ ಅಂತ ನಮ್ಮ ಅಪ್ಪೆ ಹೇಳ್ತಾಳೆ.”

ಅತ್ತೆಯ ಸೀರೆಯುಟ್ಟು ಐತನ ಮನೆಯ ನೀರು ಕುಡಿದದ್ದು! ನಾನು ಅತ್ತೆಯ ಮುಖ ನೋಡಿದೆ. ಇನ್ನು ಬಾಯಿ ನಮ್ಮ ಜಗಲಿ ಹತ್ತುವ ಹಾಗಿಲ್ಲ ಎಂದರೆ?

“ಕರಟದಲ್ಲಾ ಕುಡಿದದ್ದು?” ಎಂದು ಅತ್ತೆ ಕೇಳಿದರು.

“ಹೌದಮ್ಮ.”

“ಆ ಸೀರೆ ಹಳತಾಗಿದೆ,” ಎಂದರು ಅತ್ತೆ ನನ್ನ ಕಡೆ ತಿರುಗಿ. “ದಿನಾ ಒಗೆದರೆ ತಡೆಯುವುದಿಲ್ಲ. ಪೆಟ್ಟಿಗೆಯಿಂದ ಇನ್ನೊಂದು ತೆಗೆದಿಡು. ಬಾಯಿಗೆ ಬದಲಿಗೆ ಬೇಕು.”

ಮಳೆ ಸುರುವಾಗುವಾಗ ಸೈಕಲು ಬೋವಿಕಾನದಲ್ಲೇ ಇತ್ತು. ಅಷ್ಟರಲ್ಲಿ ಸುತ್ತಲಿನ ಮುಳಿಯಾರಿನ ಗುಡ್ಡೆಗಳಲ್ಲಿ ಕಚ್ಚೆಯ ಹೆಂಗಸು ಸೈಕಲಿನಲ್ಲಿ ಕಂಡರೆ ದಾರಿ ಬಿಟ್ಟು ಇಳಿಯುವವರು ಯಾರೂ ಇರಲಿಲ್ಲ. ಹೆಂಗಸರು ದಾರಿಗೇ ಬಂದು ನಿಲ್ಲಿಸಿ, ಕೂಸು ತೋರಿಸಿ, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ವಾಸಪ್ಪನೂ ಬೇಲಿಯ ಬಳಿ ನಿಂತು ಸಲಾಮು ಹೊಡೆಯುತ್ತಿದ್ದನಂತೆ, ಸುರಿದುಹೋದ ಮಡಕೆಯ ದುಃಖ ಒಳಗಿದ್ದರೂ.

ಅಣ್ಣ ಬರುವ ದಿನ ಹತ್ತಿರವಾಗಿತ್ತು. ನಾನು ನಮ್ಮ ಯಜಮಾನರೊಡನೆ ಬಸ್ಸಿನಲ್ಲಿ ಕಾಸರಗೋಡಿನ ಅಂಚೆ ಕಚೇರಿಗೆ ಹೋಗಿ ಮಂಗಳೂರಿಗೆ ಟ್ರಂಕ್ ಕಾಲ್ ಹೇಳಿ ಕಾದು ಕೂತೆ. ಅಪ್ಪ ವಕೀಲರಾದ್ದರಿಂದ ನಮ್ಮ ತವರಿನಲ್ಲಿ ಫೋನು ಇತ್ತು. ಹೆಸರು ಕರೆದಾಗ ಎದ್ದು ಫೋನು ಕಿವಿಗಿಟ್ಟೆ. ಕೃಷ್ಣಕುಮಾರನ ಟಿಕೇಟು ಆಗಿದೆ, ಸೋಮವಾರ ಬರುತ್ತಾನೆ ಎಂದು ಅಮ್ಮ ಅತ್ತಣಿಂದ ಕೂಗಿ ಕೂಗಿ ಹೇಳಿದಳು.

“ಅಣ್ಣನನ್ನು ಕಳಿಸಬೇಡಮ್ಮ,” ಎಂದೆ. “ನಾನು ಬರುವುದಿಲ್ಲ. ಇಲ್ಲೇ ಹೆರುತ್ತೇನೆ.”

“ಆ ಗುಡ್ಡೆಯಲ್ಲಿ ನಿನಗೆ ಯಾರಿದ್ದಾರೆ?”

“ಮಗ್ದಲಿನ್ ಬಾಯಿ ಇದ್ದಾರೆ,” ಎಂದೆ. “ಕರೆದರೆ ಬರುತ್ತಾರೆ.”