ಬಿರುಕಿನಲ್ಲಿ ಉಳಿದ ಬೆಂಕಿ

ನಮ್ಮ ಸವಡಿ ಊರಿನ ಕಪ್ಪು ಎರೆ ಹೊಲಗಳು ಬೇಸಿಗೆ ಹತ್ತಿರವಾದಂತೆ ಬಾಯಿ ಬಿಡುತ್ತವೆ. ಮದುವೆಯಾಗಿ ನರಗುಂದದಿಂದ ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಕಿವಿಯೋಲೆಯೊಂದು ಅಂಥ ಬಿರುಕಿನಲ್ಲಿ ಬಿದ್ದು, ಮೊಳಕೈವರೆಗೆ ಕೈ ಇಳಿಸಿದರೂ ಸಿಕ್ಕಿರಲಿಲ್ಲ. ಆಗ ಎಲ್ಲರೂ ನಕ್ಕಿದ್ದೆವು. ಈಗ ಬಿರುಕು ಕಂಡಲ್ಲಿ ನಾನು ಬಗ್ಗಿ ಅಂಗೈ ಇಟ್ಟು ನೋಡುತ್ತೇನೆ, ಬಿಸಿ ಇದೆಯೇ ಎಂದು. ಮನೆಯವರಿಗೆ ಇದು ಗೊತ್ತು. ನಾನು ಏಳುವವರೆಗೆ ನಿಂತಿರುತ್ತಾರೆ.

ಹೋದ ವರ್ಷ ಗೋದಿ ಕಟಾವಿನ ನಂತರ ನಡೆದದ್ದು.

ನಮ್ಮ ಹೊಲ ಎರಡು ತುಂಡು, ರಸ್ತೆಯ ಈಚೆಗೊಂದು, ಆಚೆಗೊಂದು. ಮೊದಲು ಕುಡುಗೋಲು ಹಿಡಿದು ಬುಡಕ್ಕೇ ಕೊಯ್ಯುತ್ತಿದ್ದರಂತೆ. ಈಗ ದೊಡ್ಡ ಮಶೀನು ಬರುತ್ತದೆ. ತೆನೆಯನ್ನಷ್ಟೇ ನುಂಗಿ, ಮೊಳಕಾಲೆತ್ತರದ ಕೂಳೆಯನ್ನು ಹಾಗೇ ನಿಲ್ಲಿಸಿ, ಹೊಟ್ಟನ್ನು ಹಿಂದಕ್ಕೆ ಚೆಲ್ಲಿಕೊಂಡು ಮುಂದಿನ ಹೊಲಕ್ಕೆ ಹೋಗಿಬಿಡುತ್ತದೆ. ಎತ್ತುಗಳನ್ನು ಮಾರಿ ಟ್ರ್ಯಾಕ್ಟರ್ ತಂದ ಮೇಲೆ ನಮ್ಮ ಮನೆಯಲ್ಲಿ ಆ ಹೊಟ್ಟನ್ನು ಕೇಳುವ ಬಾಯಿ ಇರಲಿಲ್ಲ. ಜೋಳದ ಕಣಕಿಯನ್ನೂ, ಅಂದರೆ ಒಣ ದಂಟಿನ ಮೇವನ್ನೂ, ರಾಶಿಯಾದ ವಾರದಲ್ಲೇ ದನ ಇದ್ದವರು ಒಯ್ಯುತ್ತಿದ್ದರು. ಗೋದಿ ಕೂಳೆಗೆ ಮಾತ್ರ ಕಡ್ಡಿ ಗೀರುವುದು. ಸುತ್ತಲಿನ ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಪದವಿ ಓದುವಾಗ ಪರಿಸರ ವಿಷಯದ ಪರೀಕ್ಷೆಯಲ್ಲಿ ನಾನು ಈ ಬಗ್ಗೆಯೇ ಉದ್ದನೆಯ ಉತ್ತರ ಬರೆದಿದ್ದೆ. ಹೊಗೆ ಎಲ್ಲಿಗೆ ಹೋಗುತ್ತದೆ, ಮಣ್ಣಿನ ಜೀವ ಹೇಗೆ ಸಾಯುತ್ತದೆ, ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದೆಲ್ಲ. ಒಮ್ಮೆ ಮಾವನವರ ಮುಂದೆ ಅದನ್ನೇ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿ, "ಖರೇ ಐತಿ ಬಿಡವಾ. ಆ ಪುಸ್ತಕಾ ಬರದಾಂವಗ ಒಂದ ಎಕರೆ ಎರಿ ಹೊಲಾ ಕೊಟ್ಟ ನೋಡೂಣು, ಅಂವೇನ ಮಾಡ್ತಾನಂತ" ಎಂದರು. ನನಗೂ ನಗು ಬಂತು. ಅವರು ಕೆಟ್ಟವರಲ್ಲ. ಮುಂದಿನ ಬಿತ್ತನೆಗೆ ಹೊಲ ಹಸನಾಗಿ ಕಾಣಬೇಕು ಎನ್ನುವುದು ಅವರ ಜೀವಮಾನದ ಆಸೆ.

ಅಂದು ಅವರು ಅಜಾಗರೂಕರಾಗಿಯೂ ಇರಲಿಲ್ಲ. ಈಚೆ ಹೊಲದ ಬದುವಿನ ಗುಂಟ ನನ್ನ ಯಜಮಾನರು ಟ್ರ್ಯಾಕ್ಟರ್ ಹೊಡೆದು ಮಣ್ಣು ಬೋರಲು ಮಾಡಿದ್ದರು, ಬೆಂಕಿ ದಾಟದಿರಲಿ ಎಂದು. ಬದುವಿನ ಆಚೆ ಚಾಚಿಯ ಹೊಲ. ಚಾಚಿ ಎಂದರೆ ನಮ್ಮ ನೆರೆಯ ಮುಸ್ಲಿಂ ಮನೆಯ ಹೆಣ್ಣುಮಗಳು. ಗಂಡ ಇಲ್ಲ. ಮಗ ಟಂಟಂ ಗಾಡಿ ಓಡಿಸುತ್ತಾನೆ, ಬೆಳಿಗ್ಗೆ ಗಜೇಂದ್ರಗಡಕ್ಕೆ ಹೋದರೆ ಸಂಜೆಗೆ ಮನೆ. ಹೊಲದಲ್ಲೇ ಅವರ ಮನೆ, ಮನೆಯ ಮುಂದೆ, ಬದುವಿಗೆ ಹತ್ತಿರದಲ್ಲೇ ಜೋಳದ ಕಣಕಿಯ ಬಣವಿ, ಬಣವಿಯ ನೆರಳಿನಲ್ಲಿ ಗೂಟಕ್ಕೆ ಕಟ್ಟಿದ ಒಂದು ಎಮ್ಮೆ. ಆಗ ಅದು ಗಬ್ಬವಾಗಿತ್ತು.

ಬೆಂಕಿ ನೆಟ್ಟಗೆ ಹೊತ್ತಿತು, ನೆಟ್ಟಗೆ ಆರಿತು. ಹೊಲವೆಲ್ಲ ಕರ್ರಗಾಯಿತು. ಮಾವನವರು ಬದುವಿನ ಗುಂಟ ನಡೆದು ಹೊಗೆಯಾಡುವ ಕಡೆ ನೀರು ಸುರಿದು ಬಂದರು. ನಾನು ಬುತ್ತಿ ತಂದಿದ್ದೆ. ಬೇವಿನ ಗಿಡದ ಬುಡದಲ್ಲಿ ಕುಳಿತು ರೊಟ್ಟಿ, ಪುಂಡಿಪಲ್ಲೆ ಉಂಡೆವು. ಯಜಮಾನರು ಟ್ರ್ಯಾಕ್ಟರ್ ತಗೊಂಡು ಊರಿಗೆ ಹೋದರು. ಮಾವನವರು ಟವೆಲ್ ಮುಖದ ಮೇಲೆ ಎಳೆದುಕೊಂಡು ಅಡ್ಡಾದರು. ನಾನು ಬಿಂದಿಗೆಯ ನೀರಿನಲ್ಲಿ ಬುತ್ತಿಯ ಡಬ್ಬಿ ತೊಳೆಯುತ್ತಿದ್ದೆ.

ಆ ಸದ್ದು ಮೊದಲು ಮಳೆಯ ಸದ್ದಿನಂತೆ ಕೇಳಿತು. ತಲೆ ಎತ್ತಿದರೆ ಬಣವಿಯ ಬುಡದಲ್ಲಿ ಕಿತ್ತಳೆ ಬಣ್ಣ. ಬೆಂಕಿ ಹೇಗೆ ಅಲ್ಲಿಗೆ ಹೋಯಿತೆಂದು ಆ ಕ್ಷಣ ಯಾರಿಗೂ ತಿಳಿಯಲಿಲ್ಲ. ಮರುದಿನ ಸಲಿಕೆಯಿಂದ ಅಗೆದಾಗ ಕಂಡಿತು. ಮಶೀನು ಚೆಲ್ಲಿದ ಹೊಟ್ಟು ಬಿರುಕಿನೊಳಗೆ ಇಳಿದು ತುಂಬಿಕೊಂಡಿತ್ತು. ಟ್ರ್ಯಾಕ್ಟರ್ ನೆಲದ ಮೇಲ್ಮಣ್ಣನ್ನಷ್ಟೇ ಮಗುಚಿತ್ತು, ಕೆಳಗೆ ಬಿರುಕು ಹಾಗೇ ಇತ್ತು. ಕಿಡಿ ಅದರೊಳಗೇ ತೆವಳುತ್ತ, ಬದುವಿನ ಅಡಿಯಲ್ಲಿ ದಾಟಿ, ಆಚೆ ಎದ್ದಿತ್ತು. ನಾವು ರೊಟ್ಟಿ ಉಣ್ಣುವಾಗ ಅದು ನಮ್ಮ ಪಕ್ಕದಲ್ಲೇ, ನೆಲದೊಳಗೆ, ನಡೆದುಹೋಗುತ್ತಿತ್ತು.

ಚಾಚಿ ಮನೆಯ ಹಿಂದೆ ಸಗಣಿಯ ಕುಳ್ಳು ಬಡಿಯುತ್ತಿದ್ದರು. ಎಮ್ಮೆ ಕೂಗಿದ್ದು ಕೇಳಿ ಓಡಿ ಬಂದರು, ಬಂದವರೇ ಹೊಗೆಯೊಳಗೆ ನುಗ್ಗಿದರು. ಎಮ್ಮೆ ಹೆದರಿ ಜಗ್ಗಿ ಜಗ್ಗಿ ಹಗ್ಗದ ಗಂಟು ಬಿಗಿದುಕೊಂಡಿತ್ತು. ನನಗೆ ಕಂಡದ್ದು ಎರಡು ಕೈ ಮಾತ್ರ. ಸಗಣಿ ಮೆತ್ತಿದ ಎರಡು ಕೈಗಳು ಹೊಗೆಯೊಳಗೆ ಗೂಟವನ್ನು ತಡವುತ್ತಿದ್ದವು, ಕತ್ತಲಲ್ಲಿ ಕಡ್ಡಿಪೆಟ್ಟಿಗೆ ಹುಡುಕುವವರ ಹಾಗೆ. ನಾನು "ಚಾಚೀ, ಬಿಟ್ಟ ಬರ್ರೀ" ಎಂದು ಕೂಗಿದೆ. ಓಡಿದೆ. ನೀರಿನ ಬಿಂದಿಗೆ ಹಿಡಿದೇ ಬದು ಹತ್ತುವಾಗ ಮೇಲಿನಿಂದ ಬಣವಿಯ ಒಂದು ಮಗ್ಗುಲು ಉರಿಯುತ್ತ ಜಾರಿ ಕೆಳಗೆ ಬಿತ್ತು. ಕೈಗಳು ಕಾಣದಾದವು.

ಅಷ್ಟರಲ್ಲಿ ಮಾವನವರು ನನ್ನನ್ನು ದಾಟಿ ಹೋದರು. ಬರಿಗಾಲು, ಕೈಯಲ್ಲಿ ಕುಡುಗೋಲು. ಒಳಗೆ ಏನಾಯಿತೋ ನನಗೆ ಗೊತ್ತಿಲ್ಲ. ಮೊದಲು ಎಮ್ಮೆ ಹೊರಬಂತು, ಅದರ ಬಾಲ ಹಿಡಿದು ಚಾಚಿ, ಹಿಂದೆ ಮಾವನವರು. ಚಾಚಿಯ ಜಡೆಯ ತುದಿ ಸುಟ್ಟು ಮುದ್ದೆಯಾಗಿತ್ತು. ಬಲಗೈ ಅಂಗೈ ಬೊಬ್ಬೆ ಎದ್ದಿತ್ತು. ನಾನು ಬಿಂದಿಗೆಯ ನೀರನ್ನು ಆ ಕೈ ಮೇಲೆ ಸುರಿಯುತ್ತ ಹೋದೆ. ನೀರು ಮುಗಿದ ಮೇಲೂ ಬಿಂದಿಗೆ ಬಗ್ಗಿಸಿಯೇ ಹಿಡಿದಿದ್ದೆನಂತೆ.

ಊರವರು ನೀರಿನ ಟ್ಯಾಂಕರ್ ತರುವುದರೊಳಗೆ ಬಣವಿ ಬೂದಿಯಾಗಿತ್ತು. ಮನೆ ಉಳಿಯಿತು.

ಚಾಚಿ ರೋಣದ ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಸಂಜೆ ಮಾವನವರು ಅವರ ಅಂಗಳಕ್ಕೆ ಹೋದರು. ನಾನೂ ಹಿಂದೆಯೇ ಹೋದೆ. ಅವರು ಕೂರಲಿಲ್ಲ. "ತಂಗಿ, ಬಣವಿ ರೊಕ್ಕಾ ನಾ ಕೊಡ್ತೀನಿ" ಎಂದರು.

"ರೊಕ್ಕಾ ಎಮ್ಮಿ ತಿಂತೈತೇನ್ರಿ ಅಣ್ಣಾರ?" ಚಾಚಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಈಗ ಕಣಕಿ ಯಾರ ಕಡೆ ಐತಿ? ಎಲ್ಲಾರದೂ ಮಾರಿ ಆಗೇತಿ."

ಅದು ನಿಜ. ನಮ್ಮ ಕಣಕಿಯೂ ಹೋಗಿಯಾಗಿತ್ತು. ಚಾಚಿಯ ಮಗ ಮೆಲ್ಲಗೆ, "ಗಜೇಂದ್ರಗಡ ಸಂತಿಗೆ ಹೊಡಕೊಂಡ ಹೋಗೂಣು ಅಮ್ಮಾ, ಮಾರೂಣು" ಎಂದ. ಚಾಚಿ ಎಡಗೈಯಿಂದ ಎಮ್ಮೆಯ ಹೊಟ್ಟೆ ಸವರುತ್ತ ಕುಳಿತರು. ಗಬ್ಬದ ಎಮ್ಮೆ, ಸಂತೆಯಲ್ಲಿ ಯಾರ ಕೈಗೆ ಬೀಳುತ್ತದೋ ಯಾರಿಗೆ ಗೊತ್ತು. ಮಳೆ ಬಿದ್ದು ಹಸಿರು ಹುಲ್ಲು ಬರುವವರೆಗೆ ಅದರ ಹೊಟ್ಟೆ ತುಂಬಿಸಬೇಕು. ಅದೊಂದೇ ಪ್ರಶ್ನೆ.

ಮಾವನವರು ಅಲ್ಲಿಂದ ಮನೆಗೆ ಬರಲಿಲ್ಲ. ರಸ್ತೆಯ ಆಚೆಗಿನ ಹೊಲಕ್ಕೆ ಹೋಗಿ ನಿಂತರು. ಆ ಹೊಲದ ಕೂಳೆ ಸುಡುವುದು ಇನ್ನೂ ಉಳಿದಿತ್ತು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, "ನಿಮ್ಮ ಪುಸ್ತಕದಾಗ ಇದನ್ನ ದನಕ್ಕ ಹ್ಯಾಂಗ ತಿನ್ನಸ್ತಾರಂತ ಏನರೇ ಬರದೈತೇನ?" ಎಂದು ಕೇಳಿದರು.

ಪುಸ್ತಕದಲ್ಲಿ ಇರಲಿಲ್ಲ. ಫೋನಿನಲ್ಲಿ ಹುಡುಕಿದೆ. ಹಳೆಯ ಸೀರೆ ಹಾಸಿ ಹೊಟ್ಟು ಬಾಚಿದೆವು, ಕೂಳೆ ಕೊಯ್ದು ಸಣ್ಣಗೆ ಕತ್ತರಿಸಿದೆವು, ಬೆಲ್ಲದ ನೀರು ಉಪ್ಪು ಚಿಮುಕಿಸಿ ಎಮ್ಮೆಯ ಮುಂದೆ ಇಟ್ಟೆವು. ಎಮ್ಮೆ ಮೂಸಿತು, ಮುಖ ತಿರುಗಿಸಿತು.

"ಅದಕ್ಕೂ ಗೊತ್ತೈತಿ, ಇದು ಬೆಂಕಿ ಹಚ್ಚಿದವರ ಮನೀದಂತ" ಎಂದರು ಚಾಚಿ. ಬೆಂಕಿಯ ನಂತರ ಅವರು ನಕ್ಕಿದ್ದು ಅದೇ ಮೊದಲು. ನಾನು ಅತ್ತುಬಿಟ್ಟೆ. ಅವರು ಪಟ್ಟಿ ಕಟ್ಟಿದ ಕೈಯನ್ನು ನನ್ನ ತಲೆ ಮೇಲಿಟ್ಟು, "ಅರೇ, ನಾ ಜೀವಂತ ಇದೀನಲ್ಲ, ಹುಚ್ಚಿ" ಎಂದರು.

ಆಮೇಲೆ ಹೊಳೆದದ್ದು ಮುಸುರೆ. ನಮ್ಮ ಅಡುಗೆಮನೆಯ ಸಿಪ್ಪೆ, ಅಕ್ಕಿ ತೊಳೆದ ನೀರು, ಹಳಸಿದ ರೊಟ್ಟಿ, ಎಲ್ಲವೂ ಅಲ್ಲಿಯವರೆಗೆ ಮೋರಿಗೆ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಊರ ಹೊರಗಿನ ತಿಪ್ಪೆಗೆ ಹೋಗುತ್ತಿದ್ದವು. ಬಾಗಿಲ ಹಿಂದೆ ಒಂದು ಬಕೆಟ್ ಇಟ್ಟೆ. ಅದರಲ್ಲಿ ಹೊಟ್ಟನ್ನು ರಾತ್ರಿಯೆಲ್ಲ ನೆನೆಸಿಟ್ಟು ಬೆಳಿಗ್ಗೆ ಒಯ್ದರೆ ಎಮ್ಮೆ ಮೊದಲು ಸಿಪ್ಪೆ ಆರಿಸಿತು, ನಂತರ ಬೇರೆ ದಾರಿ ಇಲ್ಲದೆ ಹೊಟ್ಟಿಗೆ ಬಾಯಿ ಹಾಕಿತು. ನಾಲ್ಕಾರು ದಿನದಲ್ಲಿ ಬಕೆಟ್ ಸದ್ದು ಕೇಳಿದರೆ ಕೂಗತೊಡಗಿತು.

ಒಂದು ಮನೆಯ ಸಿಪ್ಪೆ ಎಮ್ಮೆಯ ಹೊಟ್ಟೆಗೆ ಎಲ್ಲಿ ಸಾಲುತ್ತದೆ? ಓಣಿಯವರೆಲ್ಲ ತಮ್ಮ ಮುಸುರೆ ತಂದು ನಮ್ಮ ಬಕೆಟ್ಟಿಗೆ ಸುರಿದರು. ನಾನು ನರಗುಂದದ ತವರಿಗೆ ಹೋದಾಗ ಅಣ್ಣ ಎರಡು ಚೀಲ ಶೇಂಗಾ ಹೊಟ್ಟು ಕಟ್ಟಿಕೊಟ್ಟ. ಬಸ್ಸಿನಲ್ಲಿ ಕಂಡಕ್ಟರ್, "ಅಕ್ಕಾರ, ಇದಕ್ಕ ಟಿಕೇಟ್ ಎಮ್ಮಿ ಹೆಸರಿಲೆ ಹರೀಲೋ, ನಿಮ್ಮ ಹೆಸರಿಲೆ ಹರೀಲೋ?" ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ಆದರೆ ಊರು ದಾಟಿದ ಮೇಲೆ ಕಿಟಕಿಯಾಚೆ ದೂರದ ಹೊಲದಲ್ಲಿ ಹೊಗೆಯ ಗೆರೆಯೊಂದು ಎದ್ದಿತ್ತು. ನಾನು ಮುಂದಿನ ಸೀಟಿನ ಕಂಬಿ ಹಿಡಿದದ್ದು ಕೆಳಗಿಳಿಯುವವರೆಗೂ ಬಿಡಲಿಲ್ಲ. ಆ ಹೊಗೆಯಲ್ಲಿ ಕೈಗಳು ಇರಬಹುದು ಎಂದೇ ಅನ್ನಿಸುತ್ತಿತ್ತು.

ಎಲ್ಲರಿಗಿಂತ ಕಷ್ಟದ ಕೆಲಸ ಮಾವನವರದು. ರೋಣದ ಸಂತೆ ಮುಗಿಯುವ ಹೊತ್ತಿಗೆ ಬೈಕಿನಲ್ಲಿ ಹೋಗಿ, ಕಾಯಿಪಲ್ಲೆಯವರು ಬಿಸಾಡಿದ ಕೋಸಿನ ಎಲೆ, ಮೂಲಂಗಿ ಸೊಪ್ಪು ಚೀಲಕ್ಕೆ ತುಂಬಿ ತರುತ್ತಿದ್ದರು. ಗರಿಗರಿ ಧೋತರ ಉಟ್ಟ ಮನುಷ್ಯ, ಸಂತೆಯಲ್ಲಿ ಬಗ್ಗಿ ಎಲೆ ಆರಿಸುವುದು. ಗೆಳೆಯರೊಬ್ಬರು, "ಏನ್ರಿ, ಸಂತಿ ಕಸಾ ಹೊಡಿಯೂದು ಗುತ್ತಿಗಿ ಹಿಡದೀರೇನು?" ಎಂದು ಕೆಣಕಿದರಂತೆ. "ಹೌದ್ರಿ, ಮನ್ಯಾಗ ಬಸರ ಹೆಣ್ಮಗಳ ಅದಾಳ" ಎಂದರಂತೆ ಇವರು. ಆ ಮಾತು ಊರೆಲ್ಲ ಸುತ್ತಿ, ನಾಲ್ಕು ಜನ ಹೆಂಗಸರು ನನ್ನನ್ನು ನೋಡಲು ಮನೆಗೇ ಬಂದರು.

ಚಾಚಿ ಮಾತ್ರ ಅವರನ್ನು ಬಿಡಲಿಲ್ಲ. ಅಂಗಳಕ್ಕೆ ಕಾಲಿಟ್ಟಾಗಲೆಲ್ಲ, "ಅಣ್ಣಾರ, ಕಿಸೇದಾಗ ಕಡ್ಡಿಪೆಟ್ಟಿಗಿ ಐತೇನ್ರಿ? ಇದ್ರ ಅಲ್ಲೇ ರಸ್ತಾದ ಮ್ಯಾಲ ಇಟ್ಟ ಬರ್ರಿ" ಎನ್ನುವರು. ಮಾವನವರು ಅಂಗಿಯ ಎರಡೂ ಕಿಸೆ ಹೊರಗೆಳೆದು ತೋರಿಸಿಯೇ ಚೀಲ ಇಳಿಸುವರು. ಮೊದಮೊದಲು ಅವರ ಮುಖ ಸಣ್ಣದಾಗುತ್ತಿತ್ತು. ಬರಬರುತ್ತ ಚಾಚಿ ಕೇಳುವುದು ಮರೆತರೂ ಅವರೇ ಕಿಸೆ ಎಳೆದು ನಿಲ್ಲತೊಡಗಿದರು.

ಮುಂಗಾರಿನ ಮಿರಗದ ಮಳೆ ಬಿತ್ತು. ಬದುವಿನಲ್ಲಿ ಹುಲ್ಲು ಎದ್ದಿತು. ಎಮ್ಮೆ ಸೊರಗಿತ್ತು, ಆದರೆ ನಿಂತಿತ್ತು. ಒಂದು ಬೆಳಿಗ್ಗೆ ಚಾಚಿಯ ಮಗ ಟಂಟಂ ನಮ್ಮ ಮನೆ ಮುಂದೆ ನಿಲ್ಲಿಸಿ ಒಂದು ಡಬ್ಬಿ ಕೊಟ್ಟ. ಗಿಣ್ಣದ ಹಾಲು. "ಬೆಂಕಿ ಅಣ್ಣಾರಿಗೆ ಮೊದಲ ಕೊಡು ಅಂದಾಳ್ರಿ ಅಮ್ಮ" ಎಂದ. ಎಮ್ಮೆ ಹೆಣ್ಣುಕರು ಹಾಕಿತ್ತು. ಮಾವನವರು ಗಿಣ್ಣ ತಿನ್ನುವಾಗ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

ಅಂದಿನಿಂದ ನಮ್ಮ ಮನೆಗೆ ಪಾಕೀಟು ಹಾಲು ಬರುವುದು ನಿಂತಿದೆ. ಬೆಳಿಗ್ಗೆ ಮುಸುರೆಯ ಬಕೆಟ್ ಹೋಗುತ್ತದೆ, ತಂಬಿಗೆಯಲ್ಲಿ ಹಾಲು ಬರುತ್ತದೆ. ಬಚ್ಚಲ ಒಲೆ ಹೊತ್ತಿಸಲು ಹಾಲಿನ ಪಾಕೀಟುಗಳನ್ನು ಸುಡುತ್ತಿದ್ದೆವು, ಅದೂ ತಾನಾಗಿ ನಿಂತಿತು. ಎಮ್ಮೆ ಬಿಟ್ಟ ಹೊಟ್ಟು ಸಗಣಿಯ ಜೊತೆ ತಿಪ್ಪೆ ಸೇರಿ, ಗೊಬ್ಬರವಾಗಿ ಎರಡೂ ಹೊಲಕ್ಕೆ ಹಂಚಿಹೋಯಿತು. ಇಷ್ಟರಿಂದ ಬಿಸಿಲೇನೂ ಕಡಿಮೆಯಾಗಿಲ್ಲ. ಈ ಸಲದ ಬೇಸಿಗೆ ಹೋದ ಸಲದಷ್ಟೇ ಸುಡುತ್ತಿದೆ. ನಾನು ಓಣಿಯಲ್ಲಿ ಯಾರಿಗೂ ಭಾಷಣ ಮಾಡುವುದಿಲ್ಲ. ಬಕೆಟ್ ತಗೊಂಡು ಹೋಗುತ್ತೇನೆ, ಅಷ್ಟೇ.

ಈ ವರ್ಷವೂ ಗೋದಿ ಬಂತು, ಮಶೀನು ಬಂತು. ಹೊಲ ಮುಗಿಸಿ ಇಳಿದ ಚಾಲಕ, ಕೂಳೆಯತ್ತ ಕೈ ಮಾಡಿ, "ಹಚ್ಚಿಬಿಡ್ರಿ, ಲಗೂ ಮುಗೀತೈತಿ" ಎಂದ. ನಾನು ಪಕ್ಕದಲ್ಲಿದ್ದ ಮಾವನವರ ಮುಖ ನೋಡಿದೆ.

"ನಮ್ಮದೇನ ನಡೀತೈತ್ರಿ," ಅವರು ಟವೆಲ್ ಕೊಡವಿದರು. "ಎಮ್ಮೀನ್ನ ಕೇಳಬೇಕು."

ಚಾಚಿ ಹಳೆಯ ಸೀರೆಗಳ ಗಂಟು ಹೊತ್ತು ಬದು ಇಳಿದು ಬಂದರು. ಬರುವಾಗಲೇ, "ಕಿಸೆ ತೋರಸ್ರಿ" ಎಂದರು. ಮಾವನವರು ತೋರಿಸಿದರು. ಚಾಲಕನಿಗೆ ಏನೂ ಅರ್ಥವಾಗದೆ ತನ್ನ ಕಿಸೆಯನ್ನೂ ಮುಟ್ಟಿ ನೋಡಿಕೊಂಡ.

ಎಲ್ಲರೂ ಹೊಟ್ಟು ಬಾಚಲು ತೊಡಗಿದರು. ನಾನು ಬದುವಿನ ಹತ್ತಿರ ಹೋಗಿ ಕುಳಿತೆ. ಅದೇ ಜಾಗದಲ್ಲಿ ನೆಲ ಮತ್ತೆ ಬಾಯಿ ಬಿಟ್ಟಿತ್ತು. ಯಾರೂ ಕಡ್ಡಿ ಗೀರಿಲ್ಲ ಎಂದು ನನಗೆ ಗೊತ್ತು. ಆದರೂ ಕೈ ಇಳಿಸಿದೆ.

"ಏನ ಹುಡಕಾಕ ಹತ್ತೀಯ ಮಗಳಾ?" ಚಾಚಿ ಹಿಂದೆ ಬಂದು ನಿಂತಿದ್ದರು.

"ಏನಿಲ್ರಿ ಚಾಚಿ."

ಅವರು ಮೊಳಕಾಲೂರಿ ಪಕ್ಕದಲ್ಲಿ ಕುಳಿತರು. ಕಲೆ ಉಳಿದ ಬಲಗೈಯನ್ನು ನನ್ನ ಕೈ ಪಕ್ಕದಲ್ಲೇ ಬಿರುಕಿನೊಳಗೆ ಇಳಿಸಿ, ಆ ಕಡೆ ಈ ಕಡೆ ತಡವಿ ನೋಡಿದರು.

"ತಣ್ಣಗೈತಿ," ಎಂದರು. "ಏಳ. ಎಮ್ಮಿ ದಾರಿ ನೋಡಾಕ ಹತ್ತೈತಿ."